ದೋಣಿಯ ಎರಡು ಬ್ಯಾಟರಿಗಳು

ಮೋಟಾರು ಕಾರುಳ್ಳವರಲ್ಲಿ ಅನೇಕರಿಗೆ ಈ ಅನುಭವವಾಗಿರಬಹುದು. ರಾತ್ರಿ ಕಾರಿನ ದೀಪವನ್ನು ಆರಿಸಲು ಮರೆತು ಮಲಗುತ್ತೇವೆ. ಬೆಳಗ್ಗೆ ಎಂಜಿನ್ನು ಹೊರಡುವುದಿಲ್ಲ. ಬೀದಿಯ ನಾಲ್ಕು ಜನ ಹುಡುಗರನ್ನು ಕರೆದು ತಳ್ಳಿಸಿದರೆ ತೊಂದರೆ ತೀರಿತು. ಇದೇ ಮರೆವು ಕಡಲಿನ ಮೇಲೆ ಸಂಭವಿಸಿದರೆ? ಸಣ್ಣ ದೋಣಿಯೊಂದು ಲಂಗರು ಹಾಕಿ ನಿಂತಿದೆ. ನಡುರಾತ್ರಿಯಲ್ಲಿ ಗಾಳಿಯ ದಿಕ್ಕು ತಿರುಗುತ್ತದೆ. ಲಂಗರು ನೆಲದ ಹಿಡಿತವನ್ನು ಬಿಟ್ಟು ಜಾರುತ್ತದೆ. ಹಿಂದುಗಡೆ ಬಂಡೆಗಳಿಂದ ಕೂಡಿದ ದಡ. ಕೀಲಿಯನ್ನು ತಿರುಗಿಸಿದರೆ ‘ಟಿಕ್’ ಎಂಬ ಸದ್ದೊಂದೇ ಉತ್ತರ. ಅಲ್ಲಿ ತಳ್ಳುವವರು ಯಾರು?

ಈ ಪ್ರಶ್ನೆಗೆ ದೋಣಿಗಾರರು ಕಂಡುಕೊಂಡಿರುವ ಉತ್ತರವು ಬಹು ಸರಳವಾದದ್ದು: ಬ್ಯಾಟರಿಗಳು ಎರಡಿರಬೇಕು, ಅವುಗಳ ಕೆಲಸವೂ ಬೇರೆ ಬೇರೆಯಾಗಿರಬೇಕು. ನಮ್ಮ ರೈತನು ಉಣ್ಣುವ ಧಾನ್ಯವನ್ನೂ ಬಿತ್ತನೆಯ ಬೀಜವನ್ನೂ ಬೇರೆ ಬೇರೆಯಾಗಿ ಇಡುತ್ತಾನೆ. ಹಸಿವೆಷ್ಟೇ ಇದ್ದರೂ ಬೀಜಕ್ಕೆ ಕೈಹಾಕುವುದಿಲ್ಲ. ಎಂಜಿನ್ನನ್ನು ಹೊರಡಿಸುವ ಶಕ್ತಿಯು ದೋಣಿಗೆ ಬಿತ್ತನೆಯ ಬೀಜವಿದ್ದಂತೆ.

ಸುಮಾರು ಒಂಬತ್ತು ಮೀಟರು ಉದ್ದದ, ಡೀಸೆಲ್ ಎಂಜಿನ್ನುಳ್ಳ, ನಾಲ್ಕಾರು ದಿನ ಜನರು ವಾಸಿಸಬಹುದಾದ ದೋಣಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಅದರ ವಿದ್ಯುತ್ತೆಲ್ಲ 12 ವೋಲ್ಟಿನದು. ಎಂಜಿನ್ನನ್ನು ತಿರುಗಿಸುವ ಮೋಟಾರು ಐದು ಸೆಕೆಂಡುಗಳ ಕಾಲ 200 ಆಂಪಿಯರುಗಳಷ್ಟು ಪ್ರವಾಹವನ್ನು ಎಳೆಯಬಹುದು. ಕೇಳಿದರೆ ಭಯವಾಗುತ್ತದೆ, ಆದರೆ ಲೆಕ್ಕ ಹಾಕಿದರೆ ಒಟ್ಟು ವೆಚ್ಚವು ಕಾಲು ಆಂಪಿಯರ್-ಗಂಟೆಗಿಂತ ಸ್ವಲ್ಪವೇ ಹೆಚ್ಚು. ಲಂಗರಿನ ದೀಪವಾದರೋ 10 ವಾಟಿನದು. ಅದು ಎಳೆಯುವುದು ಒಂದು ಆಂಪಿಯರಿಗೂ ಕಡಮೆ. ಆದರೆ ಹನ್ನೆರಡು ಗಂಟೆ ಉರಿದರೆ 10 ಆಂಪಿಯರ್-ಗಂಟೆಗಳನ್ನು ನುಂಗಿಬಿಡುತ್ತದೆ. ಮೊದಲನೆಯದು ಒಂದೇ ಉಸಿರಿನಲ್ಲಿ ಗುಂಡೆತ್ತುವ ಜಟ್ಟಿಯ ಕೆಲಸ. ಎರಡನೆಯದು ದಿನವಿಡೀ ಹೊರೆ ಹೊತ್ತು ನಡೆಯುವ ಹಮಾಲಿಯ ಕೆಲಸ.

1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಎಂಬಾತನು ನಿರ್ಮಿಸಿದ ಸೀಸ ಮತ್ತು ಗಂಧಕಾಮ್ಲದ ಕೋಶವೇ ಈ ಎರಡು ಬಗೆಯ ಬ್ಯಾಟರಿಗಳಿಗೂ ಮೂಲ. ಚಾಲನೆಯ ಬ್ಯಾಟರಿಯಲ್ಲಿ ತೆಳುವಾದ ಫಲಕಗಳು ಹೆಚ್ಚು. ಆಮ್ಲಕ್ಕೆ ತಾಗುವ ಮೈ ಅಧಿಕವಾದುದರಿಂದ ಕ್ಷಣದಲ್ಲಿ ಭಾರಿ ಪ್ರವಾಹ ದೊರೆಯುತ್ತದೆ. ಆದರೆ ಪದೇ ಪದೇ ಬರಿದು ಮಾಡಿದರೆ ಅದು ಬೇಗ ಕೆಡುತ್ತದೆ. ಬಳಕೆಯ ಬ್ಯಾಟರಿಯ ಫಲಕಗಳು ದಪ್ಪ. ಅದು ನಿಧಾನವಾಗಿ ಆಳದವರೆಗೆ ಖರ್ಚಾಗಿ ಮತ್ತೆ ತುಂಬಿಕೊಳ್ಳುವುದನ್ನು ತಾಳಬಲ್ಲುದು. ಆದರೂ ಅರ್ಧಕ್ಕಿಂತ ಕೆಳಗೆ ಇಳಿಸದಿರುವುದೇ ಮೇಲು. ಪೂರ್ಣವಾಗಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿಯು ಸುಮಾರು 12.7 ವೋಲ್ಟನ್ನು ತೋರಿಸುತ್ತದೆ, 12.2ಕ್ಕೆ ಬಂದಾಗ ಅರ್ಧ ಮುಗಿಯಿತೆಂದು ತಿಳಿಯಬೇಕು.

ಈಗ ಹೊರೆಯನ್ನು ಹಂಚೋಣ. ಚಾಲನೆಯ ಬ್ಯಾಟರಿಗೆ ಎಂಜಿನ್ನಿನ ಮೋಟಾರು ಮತ್ತು ಎಂಜಿನ್ನಿಗೇ ಸೇರಿದ ಉಪಕರಣಗಳು ಮಾತ್ರ. ಮಿಕ್ಕದ್ದೆಲ್ಲ ಬಳಕೆಯ ಬ್ಯಾಟರಿಗೆ. ದಿನವೊಂದಕ್ಕೆ ಲಂಗರಿನ ದೀಪಕ್ಕೆ 10, ಕೋಣೆಯ ದೀಪಗಳಿಗೆ 7, ರೇಡಿಯೋಗೆ 6, ನೀರೆತ್ತುವ ಪಂಪಿಗೆ 2 ಎಂದಿಟ್ಟುಕೊಂಡರೆ 25 ಆಂಪಿಯರ್-ಗಂಟೆಗಳಾದುವು. 100 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧಭಾಗದಲ್ಲಿ ಎರಡು ದಿನ ಕಳೆಯಬಹುದು. ಆದರೆ 4 ಆಂಪಿಯರ್ ಎಳೆಯುವ ಶೀತಪೆಟ್ಟಿಗೆಯೊಂದನ್ನು ತಂದಿಟ್ಟು, ಅದು ದಿನದ ಅರ್ಧ ಹೊತ್ತು ಓಡಿದರೆ, ಅದೊಂದಕ್ಕೇ 48 ಬೇಕು! ತಂಪು ಪಾನೀಯದ ನಿಜವಾದ ಬೆಲೆ ಅಲ್ಲಿ ಗೊತ್ತಾಗುತ್ತದೆ. ಹಳೆಯ ದೀಪಗಳಿಗೆ ಬದಲು ಎಲ್‌ಇಡಿ ದೀಪಗಳನ್ನು ಹಾಕಿದರೆ ಬೆಳಕಿನ ವೆಚ್ಚವು ಐದರಲ್ಲಿ ಒಂದು ಪಾಲಿಗೆ ಇಳಿಯಬಹುದು.

“ಎರಡನ್ನೂ ಸೇರಿಸಿ ಒಂದೇ ದೊಡ್ಡ ಬ್ಯಾಟರಿಯನ್ನಾಗಿ ಮಾಡಬಾರದೇಕೆ? ಒಟ್ಟು ಶಕ್ತಿ ಅಷ್ಟೇ ತಾನೆ?” ಎಂದು ಯಾರಾದರೂ ಕೇಳಬಹುದು. ಒಟ್ಟು ಅಷ್ಟೇ, ಆದರೆ ಮರೆತ ದೀಪವು ಆಗ ಇಡೀ ಒಟ್ಟನ್ನೇ ತಿನ್ನುತ್ತದೆ. ಒಂದರಲ್ಲಿ ಕೋಶವೊಂದು ಕೆಟ್ಟರೆ ಅದು ಇನ್ನೊಂದನ್ನೂ ತನ್ನ ಜೊತೆಗೆ ಕೆಳಕ್ಕೆಳೆಯುತ್ತದೆ.

ಇನ್ನುಳಿದ ತೊಡಕು ಇದು: ತುಂಬಿಸುವ ಆಲ್ಟರ್ನೇಟರು ಒಂದೇ, ತುಂಬಬೇಕಾದ ಪಾತ್ರೆಗಳು ಎರಡು. ತುಂಬುವಾಗ ಕೂಡಿರಬೇಕು, ಖರ್ಚಾಗುವಾಗ ಅಗಲಿರಬೇಕು. ಇದಕ್ಕೆ ಮೂರು ಉಪಾಯಗಳುಂಟು. ಮೊದಲನೆಯದು ಕೈಯಿಂದ ತಿರುಗಿಸುವ ಸ್ವಿಚ್ಚು. ಅದರಲ್ಲಿ ‘ಒಂದು’, ‘ಎರಡು’, ‘ಎರಡೂ’, ‘ಯಾವುದೂ ಇಲ್ಲ’ ಎಂಬ ನಾಲ್ಕು ಸ್ಥಾನಗಳು. ಅಗ್ಗವೂ ಗಟ್ಟಿಯೂ ಆದದ್ದು. ಆದರೆ ಮನುಷ್ಯನ ನೆನಪನ್ನು ನಂಬಿದೆ. ಎಂಜಿನ್ನು ನಿಂತ ಮೇಲೂ ‘ಎರಡೂ’ ಎಂಬಲ್ಲಿಯೇ ಬಿಟ್ಟರೆ ಹಿಂದಿನ ಕಥೆಯೇ ಮರುಕಳಿಸುವುದು. ಎಂಜಿನ್ನು ಓಡುತ್ತಿರುವಾಗ ‘ಯಾವುದೂ ಇಲ್ಲ’ ಎಂಬಲ್ಲಿಗೆ ತಿರುಗಿಸಿದರೆ ಆಲ್ಟರ್ನೇಟರಿಗೇ ಹಾನಿ. ಎರಡನೆಯದು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು. ಅದಕ್ಕೆ ಮರೆವಿಲ್ಲ, ಆದರೆ ಹಾದುಹೋಗುವ ವಿದ್ಯುತ್ತಿನಿಂದ ಸುಮಾರು 0.7 ವೋಲ್ಟನ್ನು ಸುಂಕವಾಗಿ ಕಿತ್ತುಕೊಳ್ಳುತ್ತದೆ. ಬ್ಯಾಟರಿಗಳು ಪೂರ್ತಿ ತುಂಬುವುದಿಲ್ಲ.

ಮೂರನೆಯದಾದ ರಿಲೇ ಒತ್ತಡವನ್ನು ನೋಡಿಕೊಂಡು ಕೆಲಸ ಮಾಡುತ್ತದೆ. ಎಂಜಿನ್ನು ಓಡಿ, ಚಾಲನೆಯ ಬ್ಯಾಟರಿಯ ಒತ್ತಡವು ಸುಮಾರು 13.3 ವೋಲ್ಟಿಗೆ ಏರಿದ ಮೇಲೆ ಅದು ಎರಡನ್ನೂ ಜೋಡಿಸುತ್ತದೆ. ಎಂಜಿನ್ನು ನಿಂತು ಒತ್ತಡವು 12.8ರ ಸಮೀಪಕ್ಕೆ ಇಳಿದೊಡನೆ ಅಗಲಿಸುತ್ತದೆ. ಮೊದಲು ಬೀಜದ ಪಾಲು, ಆಮೇಲೆ ಊಟದ ಪಾಲು. ಬಳಕೆಯ ಬ್ಯಾಟರಿಯು ಲಿಥಿಯಂ ಜಾತಿಯದಾದರೆ ಮಾತ್ರ ಇಷ್ಟು ಸಾಲದು. ನಡುವೆ ಪ್ರವಾಹವನ್ನು ಮಿತಿಯಲ್ಲಿಡುವ ಛಾರ್ಜರು ಬೇಕು.

ಒಂದು ವಿನಾಯಿತಿಯನ್ನು ಮರೆಯಬಾರದು. ದೋಣಿಯ ತಳದಲ್ಲಿ ಸೇರುವ ನೀರನ್ನು ತಾನಾಗಿಯೇ ಎತ್ತಿಹಾಕುವ ಪಂಪನ್ನು, ಅದರದೇ ಫ್ಯೂಸಿನೊಡನೆ, ಮುಖ್ಯ ಸ್ವಿಚ್ಚಿಗಿಂತ ಮೊದಲೇ ಬಳಕೆಯ ಬ್ಯಾಟರಿಗೆ ಜೋಡಿಸಬೇಕು. ಯಜಮಾನನು ಎಲ್ಲವನ್ನೂ ಆರಿಸಿ ಮನೆಗೆ ಹೋದ ಮೇಲೂ ನೀರು ಒಳಗೆ ಬರುವುದನ್ನು ನಿಲ್ಲಿಸುವುದಿಲ್ಲವಷ್ಟೆ!

ಈ ಏರ್ಪಾಡಿನಲ್ಲಿಯೂ ದೀಪವನ್ನು ಆರಿಸಲು ಮರೆಯುವವರು ಮರೆಯುತ್ತಲೇ ಇರುವರು. ಭೇದವಿಷ್ಟೆ: ಬೆಳಗ್ಗೆ ದೀಪ ಮಂಕಾಗಿರುತ್ತದೆ, ಶೀತಪೆಟ್ಟಿಗೆ ಬೆಚ್ಚಗಾಗಿರುತ್ತದೆ, ಆದರೆ ಕೀಲಿ ತಿರುಗಿಸಿದೊಡನೆ ಎಂಜಿನ್ನು ಹೊರಡುತ್ತದೆ.