ಗ್ರಾಮಫೋನು ತಟ್ಟೆ ಮತ್ತು ಶ್ರವಣ ಸಂಸ್ಕಾರ

ನಾದವು ಹುಟ್ಟಿದ ಕ್ಷಣದಲ್ಲಿಯೇ ಲಯ ಹೊಂದುವಂಥದು. ಚಿತ್ರವು ಗೋಡೆಯ ಮೇಲೆ ನಿಲ್ಲುತ್ತದೆ, ಕಾವ್ಯವು ಓಲೆಗರಿಯಲ್ಲಿ ಉಳಿಯುತ್ತದೆ. ಗಾಯಕನ ಕಂಠವಾದರೋ ಅವನೊಡನೆಯೇ ಅಳಿದುಹೋಗುತ್ತಿದ್ದಿತು. ಈ ಕೊರತೆಯನ್ನು ನೀಗಿದವರಲ್ಲಿ ಇಬ್ಬರು ಮುಖ್ಯರು. ಥಾಮಸ್ ಎಡಿಸನ್ 1877ರಲ್ಲಿ ಉರುಳೆಯ ಮೇಲೆ ಧ್ವನಿಯನ್ನು ಹಿಡಿದಿಟ್ಟನು. 1887ರಲ್ಲಿ ಗ್ರಾಮಫೋನಿಗೆ ಪೇಟೆಂಟು ಪಡೆದ ಎಮಿಲ್ ಬರ್ಲಿನರ್ ಮುಂದೆ ಚಪ್ಪಟೆ ತಟ್ಟೆಯನ್ನು ರೂಢಿಗೆ ತಂದನು.

ತಟ್ಟೆಯ ಮೇಲೆ ನೂರಾರು ಗೆರೆಗಳಿರುವಂತೆ ತೋರಿದರೂ ಒಂದು ಮುಖದಲ್ಲಿ ಇರುವುದು ಒಂದೇ ಗೆರೆ; ಅದು ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುತ್ತದೆ. ಗಾಯನದ ಕಂಪನಗಳೇ ಆ ಗೆರೆಯ ಅಂಕುಡೊಂಕುಗಳು. ಮುಳ್ಳು ಅದರೊಳಗೆ ಚಲಿಸುವಾಗ ಅವುಗಳಿಗೆ ತಕ್ಕಂತೆ ನಡುಗುತ್ತದೆ; ಆ ನಡುಕವೇ ಮರಳಿ ನಾದವಾಗುತ್ತದೆ.

1902ರಲ್ಲಿ ಕಲ್ಕತ್ತೆಗೆ ಬಂದ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಆ ವಿದುಷಿ ಸುಮಾರು ಮೂರು ನಿಮಿಷಗಳಲ್ಲಿ ಅಡಗಿಸಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿದರು. ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ಕಾಲವಾದ ಅವರ ಕಂಠ ಇಂದಿಗೂ ಕೇಳಿಬರುತ್ತದೆ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠವನ್ನು ಬಲ್ಲವರು, ಗಂಟಲಿನ ಚಿಕಿತ್ಸೆಗೆ ಮುನ್ನ ಅವರಿಗಿದ್ದ ಎಳೆಯ ಕಂಠವನ್ನು ಅರಿಯಬೇಕಾದರೆ 1930ರ ದಶಕದ ತಟ್ಟೆಗಳನ್ನೇ ಆಶ್ರಯಿಸಬೇಕು.

ಆ ಕಾಲದ ತಟ್ಟೆಗಳು ಅರಗಿನಿಂದಾದವು. ನಿಮಿಷಕ್ಕೆ 78 ಸುತ್ತು ತಿರುಗುವಂಥವು, ಕೈಜಾರಿದರೆ ಒಡೆಯುವಂಥವು. 1948ರಲ್ಲಿ ಬಂದ ದೀರ್ಘ ವಾದನದ ವಿನೈಲ್ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗಿ, ಒಂದು ಮುಖದಲ್ಲಿ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ನುಡಿಯಿತು. ರಾಗದ ವಿಸ್ತಾರಕ್ಕೆ ಆಗ ಎಡೆ ದೊರೆಯಿತು. 1955ರಲ್ಲಿ ಅಲಿ ಅಕ್ಬರ್ ಖಾನ್ ಅವರು ನ್ಯೂಯಾರ್ಕಿನಲ್ಲಿ ಇಂತಹ ತಟ್ಟೆಗಾಗಿಯೇ ಸರೋದ್ ನುಡಿಸಿದರು.

ಮುಂದೆ ಕ್ಯಾಸೆಟ್ಟು, 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕು, ಅನಂತರ ಮೊಬೈಲ್ ಫೋನು ಬಂದು ತಟ್ಟೆ ಮೂಲೆ ಸೇರಿತು. ಆದರೂ 2020ರಲ್ಲಿ ಅಮೆರಿಕದಲ್ಲಿ ವಿನೈಲ್ ತಟ್ಟೆಗಳ ಮಾರಾಟದ ಹಣವು ಕಾಂಪ್ಯಾಕ್ಟ್ ಡಿಸ್ಕುಗಳದನ್ನು ಮೀರಿತು; 1986ರ ತರುವಾಯ ಹೀಗಾದದ್ದು ಅದೇ ಮೊದಲು. ಇದಕ್ಕೆ ಕಾರಣವೇನು? ಧ್ವನಿಯ ನಿಖರತೆ ಒಂದೇ ಎನ್ನಲಾಗದು. ತಟ್ಟೆಯಲ್ಲಿ ಚಿಟಿಪಿಟಿ ಸದ್ದುಂಟು, ಸವೆತವುಂಟು. ಹೊಸ ಸಾಧನಗಳಲ್ಲಿ ಇವಿಲ್ಲ. ಆದರೆ ಹೊಸ ಸಾಧನದಲ್ಲಿ ಬೆರಳು ತಾಗಿದೊಡನೆ ಹಾಡು ಬದಲಾಗುತ್ತದೆ, ಆಲಾಪ ಮುಗಿಯುವ ಮುನ್ನವೇ ಮನಸ್ಸು ಬೇರೆಡೆಗೆ ಹಾರುತ್ತದೆ. ತಟ್ಟೆಯನ್ನಾದರೋ ಹೊದಿಕೆಯಿಂದ ತೆಗೆಯಬೇಕು, ಧೂಳೊರಸಬೇಕು, ಮುಳ್ಳನ್ನು ಮೆಲ್ಲಗೆ ಇಳಿಸಬೇಕು, ಮುಖ ಮುಗಿದಾಗ ಎದ್ದು ಮಗುಚಬೇಕು. ಈ ಶ್ರಮವೇ ಶ್ರೋತೃವನ್ನು ಸಿದ್ಧಗೊಳಿಸುತ್ತದೆ. ಕಿವಿಗೆ ಬಿದ್ದದ್ದೆಲ್ಲ ಶ್ರವಣವಲ್ಲ. ಮನಸ್ಸು ಕೂಡಿದಾಗಲೇ ಅದು ಶ್ರವಣ.

ಹಿರಿಯರ ಮನೆಗಳ ಅಟ್ಟದಲ್ಲಿ ಇಂತಹ ತಟ್ಟೆಗಳಿದ್ದರೆ ಅವನ್ನು ಗುಜರಿಗೆ ಹಾಕಲಾಗದು. ಅಂಚನ್ನಷ್ಟೇ ಹಿಡಿಯಬೇಕು, ಬಿಸಿಲು ತಾಗದೆಡೆ ನೆಟ್ಟಗೆ ನಿಲ್ಲಿಸಿಡಬೇಕು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರಸಿದರೆ ಅರಗು ಕರಗುತ್ತದೆ. ಅದರ ಗೆರೆ ಅಗಲವಾದುದರಿಂದ ವಿನೈಲ್ ತಟ್ಟೆಯ ಸಣ್ಣ ಮುಳ್ಳು ಅದಕ್ಕೆ ಸಲ್ಲದು. ವಿದ್ಯಾರ್ಥಿಗಳು ಒಮ್ಮೆಯಾದರೂ ಒಂದು ಮುಖವನ್ನು ಆದ್ಯಂತವಾಗಿ, ನಡುವೆ ಮಾತಾಡದೆ ಕೇಳಬೇಕು. ಪುಸ್ತಕವನ್ನು ಕಾಪಾಡಿದವನು ಅಕ್ಷರವನ್ನು ಕಾಪಾಡಿದಂತೆ, ತಟ್ಟೆಯನ್ನು ಕಾಪಾಡಿದವನು ಕಂಠವನ್ನು ಕಾಪಾಡುತ್ತಾನೆ. ಮನಸ್ಸಿಟ್ಟು ಕೇಳಿದವನು ಅದಕ್ಕೆ ಮರುಜೀವ ಕೊಡುತ್ತಾನೆ.