ನಿಮಗಿದು ಗೊತ್ತೆ? ಅಳಿಲಿಗೆ ಗುರಿ ಬೇಡ

● ಯಲಹಂಕ, ಹೆಬ್ಬಾಳದ ಮರಗಳಲ್ಲಿ ಬಾಲ ಕುಣಿಸುತ್ತಾ ಚಿಕ್‌ಚಿಕ್ ಎನ್ನುವ ಅಳಿಲಿನ ಬೆನ್ನಿಗೆ ಮೂರು ಬಿಳಿ ಗೆರೆ. ಉತ್ತರ ಭಾರತದ ಅಳಿಲಿಗೆ ಐದು.

● ಬ್ರಿಟನ್ನಿನ ಕಾಡುಗಳಲ್ಲಿ ಬೂದು ಅಳಿಲನ್ನು ಏರ್‌ಗನ್‌ನಿಂದ ಹೊಡೆಯುತ್ತಾರೆ. 1876ರಲ್ಲಿ ಅಮೆರಿಕದಿಂದ ತಂದು ಬಿಟ್ಟ ಅದು ಮರದ ತೊಗಟೆ ಸುಲಿಯುತ್ತದೆ. ಅಲ್ಲಿನ ಕೆಂಪು ಅಳಿಲಿಗೆ ಮಾರಕ ವೈರಸ್ ಹರಡುತ್ತದೆ.

● ನಮ್ಮ ಅಳಿಲು ಈ ಮಣ್ಣಿನದೇ. ತೋಟದ ಕೋಕೋ ಕಾಯಿಗೆ ತೂತು ಕೊರೆದು ಸಿಹಿ ತಿರುಳು ತಿನ್ನುವುದು ನಿಜ. ಹಣ್ಣಾದ ಕಾಯಿಯನ್ನು ತಡಮಾಡದೆ ಕೊಯ್ದರೆ ನಷ್ಟ ತಗ್ಗುತ್ತದೆ.

● ನಳಿಕೆಯ ಒಳವ್ಯಾಸ 4.5 ಮಿ.ಮೀ., ಗುಂಡಿನ ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ನಮ್ಮಲ್ಲಿ ಪರವಾನಗಿ ಬೇಡ. ಹಾಗೆಂದು ಅದು ಅಳಿಲು, ಹಕ್ಕಿಗಳಿಗೆ ಗುರಿಯಿಡಲು ಸಿಕ್ಕ ಅನುಮತಿಯಲ್ಲ. ಮಕ್ಕಳಿಗೂ ಇದನ್ನು ತಿಳಿಹೇಳಿ.