ಚಂದ್ರದ್ರೋಣದ ನೆತ್ತಿಯ ಮೇಲೆ ಒಂದು ಬೇಸಗೆಯ ಹಗಲು

ಬೆಟ್ಟದ ಎತ್ತರವನ್ನು ಸಮುದ್ರಮಟ್ಟದಿಂದ ಅಳೆದು ಇಷ್ಟು ಅಡಿ ಎಂದು ಹೇಳುವುದು ರೂಢಿ. ಭೂಪಟದಲ್ಲಿ ಗುರುತುಮಾಡುವುದಕ್ಕೆ ಆ ಲೆಕ್ಕವೇನೋ ಸರಿಯೆ. ಆದರೆ ಒಂದೇ ಹಗಲಿನಲ್ಲಿ ಮೂರು ನಾಲ್ಕು ಶಿಖರಗಳನ್ನು ದಾಟಿಹೋಗಬೇಕೆಂದು ಹೊರಟವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅವರು ಸಮುದ್ರತೀರದಿಂದ ಹೊರಟವರಲ್ಲ. ಶಿಖರವನ್ನು ಮುಟ್ಟಿ ಅಲ್ಲಿಯೇ ನಿಲ್ಲುವವರೂ ಅಲ್ಲ. ಸಮಾನ ಎತ್ತರದ ನಾಲ್ಕು ಶಿಖರಗಳು ಒಂದೇ ಸಾಲಿನಲ್ಲಿವೆಯೆಂದೂ, ಒಂದಕ್ಕೂ ಇನ್ನೊಂದಕ್ಕೂ ನಡುವೆ ೬೦೦ ಅಡಿ ಆಳದ ತಗ್ಗು ಇದೆಯೆಂದೂ ಇಟ್ಟುಕೊಳ್ಳೋಣ. ಮೊದಲನೆಯದರ ನೆತ್ತಿಯಿಂದ ಹೊರಟವನು ಕೊನೆಯದರ ನೆತ್ತಿಯನ್ನು ಸೇರುವ ವೇಳೆಗೆ ೧,೮೦೦ ಅಡಿ ಇಳಿದು, ಮತ್ತೆ ೧,೮೦೦ ಅಡಿ ಹತ್ತಿರುತ್ತಾನೆ. ಭೂಪಟದ ಲೆಕ್ಕದಲ್ಲಾದರೋ ಅವನು ಒಂದು ಅಡಿಯೂ ಮೇಲೇರಿಲ್ಲ! ಗರಗಸದ ಹಲ್ಲಿನಂತಿರುವ ಇಂಥ ದಾರಿಯ ಶ್ರಮ ದೂರದಿಂದ ನೋಡುವವರಿಗೆ ತೋರದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಬೆಟ್ಟವನ್ನು ಹತ್ತಿ ಬಲ್ಲವರೇ ಆಗಿರಬೇಕು.

ನಮ್ಮ ನಾಡಿನಲ್ಲಿ ಈ ಬಗೆಯ ಸಂಚಾರಕ್ಕೆ ಚಿಕ್ಕಮಗಳೂರಿನ ಉತ್ತರಕ್ಕಿರುವ ಬಾಬಾಬುಡನ್ ಗಿರಿಶ್ರೇಣಿಗಿಂತ ಉತ್ತಮವಾದ ಸ್ಥಳ ದೊರೆಯುವುದು ಕಷ್ಟ. ಇದು ಒಂದು ಬೆಟ್ಟವಲ್ಲ; ಬೆಟ್ಟಗಳ ಒಂದು ಬಾಗಿದ ಗೋಡೆ. ಬಿದಿಗೆಯ ಚಂದ್ರನಂತೆ ಬಳುಕಿರುವುದರಿಂದಲೇ ಇದಕ್ಕೆ ಚಂದ್ರದ್ರೋಣಪರ್ವತವೆಂಬ ಹೆಸರು. ಆ ಚಂದ್ರಾಕೃತಿಯ ಒಳಮಗ್ಗುಲಲ್ಲಿ ಜಾಗರ ಕಣಿವೆಯ ದಟ್ಟವಾದ ಕಾಡು ಹಬ್ಬಿದೆ. ಶ್ರೇಣಿಯಲ್ಲಿ ಮುಳ್ಳಯ್ಯನಗಿರಿಯು ೬,೩೦೦ ಅಡಿಗೂ ಮಿಗಿಲು; ಕರ್ನಾಟಕದ ಅತ್ಯುನ್ನತ ಶಿಖರ ಇದೇ. ಬಾಬಾಬುಡನ್ ಗಿರಿಯು ಅದಕ್ಕಿಂತ ನೂರು ಅಡಿಯಷ್ಟು ಮಾತ್ರ ಕಡಮೆ. ಇವೆರಡರ ನಡುವೆ ಸೀತಾಳಯ್ಯನಗಿರಿಯೂ ಹೆಸರಿಲ್ಲದ ಹಲವು ದಿಬ್ಬಗಳೂ ಇವೆ. ಹೆಸರಿಲ್ಲದವುಗಳೇ ಹೆಚ್ಚು ಕಾಡುವುವೆಂಬುದು ನಮ್ಮ ಅನುಭವ. ಹೆಸರಿರುವ ಶಿಖರಕ್ಕೆ ಮನಸ್ಸು ಮೊದಲೇ ಸಿದ್ಧವಾಗಿರುತ್ತದೆ. ಲೆಕ್ಕಕ್ಕೆ ಬಾರದ ದಿಬ್ಬಕ್ಕೆ ಸಿದ್ಧವಾಗಿರುವುದಿಲ್ಲ. ಅರಬ್ಬಿದೇಶದಿಂದ ಕಾಫಿಯ ಬೀಜವನ್ನು ತಂದು ಇಲ್ಲಿ ಬಿತ್ತಿದ ಬಾಬಾ ಬುಡನರ ಕಥೆಯನ್ನು ಶ್ರೋತೃಗಳು ಕೇಳಿಯೇ ಇರುತ್ತಾರೆ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಗೆಳೆಯರು ಆರು ಮಂದಿ ಏಪ್ರಿಲ್ ತಿಂಗಳಿನ ಕೊನೆಯಲ್ಲಿ ಈ ದಾರಿಯನ್ನು ಹಿಡಿದೆವು. ಈ ಕಾಡುಗಳಲ್ಲಿ ಕಾಲಿಡುವುದಕ್ಕೆ ಮೊದಲು ಅರಣ್ಯ ಇಲಾಖೆಯ ನಿಯಮಗಳನ್ನು ವಿಚಾರಿಸಿ ಅನುಮತಿಯನ್ನು ಪಡೆದಿರಬೇಕು. ಆ ಕೆಲಸ ಮುಗಿದಿತ್ತು. ಉಳಿದದ್ದು ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿಯು ೧೮೯೨ರಲ್ಲಿ ಒಂದು ಸುಲಭವಾದ ಸೂತ್ರವನ್ನು ಕೊಟ್ಟನು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ೨,೦೦೦ ಅಡಿ ಏರಿಗೆ ಇನ್ನೊಂದು ಗಂಟೆ. ಹನ್ನೆರಡು ಮೈಲಿಯ ದಾರಿಯಲ್ಲಿ ಏರುಗಳೆಲ್ಲ ಕೂಡಿ ೪,೦೦೦ ಅಡಿಯಾದರೆ ಆರು ಗಂಟೆ ಆಯಿತು. ಆದರೆ ಇದು ಗಟ್ಟಿಮುಟ್ಟಾದವನು ತಂಪುದೇಶದಲ್ಲಿ ಎಲ್ಲಿಯೂ ಕೂರದೆ ನಡೆದರೆ ಆಗುವ ಲೆಕ್ಕ. ನಮ್ಮ ಬೇಸಗೆಗೆ ಇದರ ಅರ್ಧದಷ್ಟನ್ನು ಕೂಡಿಸಬೇಕು. ಒಂಬತ್ತು ಗಂಟೆಯ ನಡಿಗೆಯನ್ನು ಹಗಲಿನೊಳಗೆ ಮುಗಿಸಬೇಕಾದರೆ, ಅದರಲ್ಲಿಯೂ ಮಧ್ಯಾಹ್ನದ ಮೇಲಿನ ಮಳೆಗುಡುಗಿಗೆ ಮೊದಲೇ ಮುಗಿಸಬೇಕಾದರೆ, ಸೂರ್ಯನಿಗಿಂತ ಮೊದಲು ಏಳದೆ ಗತ್ಯಂತರವಿಲ್ಲ.

ಸರ್ಪದಾರಿಯ ಬುಡದಿಂದ ಹೊರಟಾಗ ಮಬ್ಬುಬೆಳಕಿತ್ತು. ಹಾವಿನಂತೆ ಸುತ್ತಿ ಸುತ್ತಿ ಏರುವ ಈ ಕಾಲುದಾರಿಯು ಮುಳ್ಳಯ್ಯನಗಿರಿಯ ಬೆನ್ನಿನ ಮೇಲೆ ಸಾಗುತ್ತದೆ. ಮಗ್ಗುಲಲ್ಲಿ ಮರಗಳ ನೆರಳಿಲ್ಲ. ಮೊಣಕಾಲೆತ್ತರದ ಒಣಹುಲ್ಲು, ಅಲ್ಲಲ್ಲಿ ಬಂಡೆ. ಹತ್ತುವಾಗ ದೇಹವು ಒಂದು ಯಂತ್ರದಂತೆ ಕೆಲಸಮಾಡುತ್ತದೆಯೆಂದು ಹೇಳಿದರೆ ಅದು ಬರಿಯ ಉಪಮಾನವಲ್ಲ. ಉಗಿಯಂತ್ರವು ಸೌದೆಯ ಶಕ್ತಿಯೆಲ್ಲವನ್ನೂ ಚಲನೆಯಾಗಿ ಮಾರ್ಪಡಿಸಲಾರದು. ನಮ್ಮ ಸ್ನಾಯುಗಳೂ ಹಾಗೆಯೇ. ಅವು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು ದೇಹವನ್ನು ಮೇಲಕ್ಕೆತ್ತುತ್ತದೆ. ಮಿಕ್ಕ ಮೂರು ಪಾಲು ಶಾಖವಾಗುತ್ತದೆ. ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯನು ೨,೦೦೦ ಅಡಿ ಹತ್ತುವಾಗ ಹೀಗೆ ಹುಟ್ಟುವ ಶಾಖವನ್ನೆಲ್ಲ ಬೆವರಿನಿಂದಲೇ ಹೊರಹಾಕಬೇಕಾದರೆ ಸುಮಾರು ಅರ್ಧ ಲೀಟರಿನಷ್ಟು ಬೆವರು ಆರಿಹೋಗಬೇಕು. ಇದು ಹತ್ತುವ ಕೆಲಸ ಒಂದರ ಬಾಬ್ತು. ಮೇಲೆ ಬಿಸಿಲಿನ ಶಾಖವಿದೆ; ಹೊತ್ತ ಗಂಟಿನ ಭಾರವಿದೆ; ಆರದೆ ನೆಲಕ್ಕೆ ತೊಟ್ಟಿಕ್ಕಿ ವ್ಯರ್ಥವಾಗುವ ಬೆವರೂ ಇದೆ. ಬಿಸಿಲಿನಲ್ಲಿ ಕಷ್ಟಪಟ್ಟು ನಡೆಯುವವನು ಗಂಟೆಗೆ ಒಂದು ಲೀಟರು ಬೆವರುವುದು ಅಪರೂಪವಲ್ಲ.

ಇಲ್ಲಿ ಎತ್ತರದ ಗಾಳಿಯು ನಮ್ಮನ್ನು ಮೋಸಗೊಳಿಸುತ್ತದೆ. ಸಾವಿರ ಅಡಿ ಏರಿದಂತೆಲ್ಲ ಉಷ್ಣಮಾನವು ಸುಮಾರು ಮೂರೂವರೆ ಡಿಗ್ರಿ ಫ್ಯಾರನ್‌ಹೀಟಿನಷ್ಟು ಇಳಿಯುವುದು ಸಾಮಾನ್ಯ. ಚಿಕ್ಕಮಗಳೂರಿನ ಪೇಟೆಗಿಂತ ಮುಳ್ಳಯ್ಯನಗಿರಿಯ ನೆತ್ತಿಯು ಒಂಬತ್ತು ಹತ್ತು ಡಿಗ್ರಿ ತಂಪಾಗಿರುತ್ತದೆಂದು ಹೇಳಬಹುದು. ಜೊತೆಗೆ ಬೀಸುಗಾಳಿ. ಬೆವರು ಹೊಮ್ಮಿದ ಕ್ಷಣದಲ್ಲಿಯೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ. ತಾನು ಬೆವರುತ್ತಲೇ ಇಲ್ಲವೆಂದು ನಡೆಯುವವನು ತಿಳಿಯುತ್ತಾನೆ. ಬಿಸಿಲಾದರೋ ತಂಪಾಗಿಲ್ಲ. ಎತ್ತರ ಹೆಚ್ಚಿದಂತೆ ಚರ್ಮವನ್ನು ಸುಡುವ ಅತಿನೇರಿಳೆ ಕಿರಣಗಳೂ ಹೆಚ್ಚುತ್ತವೆ. ತಲೆಗೆ ಅಗಲವಾದ ಅಂಚಿನ ಟೋಪಿ, ಮೈಗೆ ಸಡಿಲವಾದ ಹತ್ತಿಯ ಉದ್ದತೋಳಿನ ಅಂಗಿ ಇರಬೇಕೆನ್ನುವುದು ಸೊಗಸಿಗಾಗಿ ಅಲ್ಲ. ಬಾಯಾರಿಕೆಯಾದ ಮೇಲೆ ಕುಡಿಯೋಣವೆಂದು ಕಾಯದೆ, ಅರ್ಧ ಗಂಟೆಗೊಮ್ಮೆ ಎರಡು ಮೂರು ಗುಟುಕು ಕುಡಿಯುವುದು ಮೇಲು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನು ಹೊಟ್ಟೆ ತುಂಬ ಕುಡಿಯುತ್ತ ಹೋದರೆ ರಕ್ತದಲ್ಲಿನ ಉಪ್ಪು ತೆಳುವಾಗಿ ಅದೂ ಅಪಾಯಕ್ಕೆ ಕಾರಣವಾಗಬಲ್ಲದು. ಉಪ್ಪು ಹಾಕಿದ ನೀರುಮಜ್ಜಿಗೆಯನ್ನೂ ನಿಂಬೆಯ ಪಾನಕವನ್ನೂ ಬೇಸಗೆಯಲ್ಲಿ ಹಂಚುವ ನಮ್ಮ ಪದ್ಧತಿಯು ಈ ವಿಷಯದಲ್ಲಿ ಯಾವ ಶಾಸ್ತ್ರಕ್ಕೂ ಹಿಂದೆಬಿದ್ದಿಲ್ಲ.

ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಮುಳ್ಳಯ್ಯನ ಗುಡಿಯ ಮುಂದೆ ನಿಂತೆವು. ಇನ್ನೊಂದು ಮಗ್ಗುಲಿನಿಂದ ವಾಹನದಲ್ಲಿ ಬಂದು, ಕೊನೆಯ ಮೆಟ್ಟಿಲುಗಳನ್ನಷ್ಟೇ ಹತ್ತಿ, ನಮ್ಮ ಏದುಸಿರನ್ನು ಕಂಡು ಮರುಗಿದವರೂ ಅಲ್ಲಿದ್ದರು. ಅವರ ಮರುಕವನ್ನು ಸ್ವೀಕರಿಸಿ ಚಿತ್ರಾನ್ನದ ಬುತ್ತಿಯನ್ನು ಬಿಚ್ಚಿದೆವು. ಪೂರ್ವದ ಬಯಲುಸೀಮೆಯು ಬೂದುಬಣ್ಣದ ಮುಸುಕಿನಲ್ಲಿ ಮುಳುಗಿತ್ತು. ಉತ್ತರಕ್ಕೆ ನಾವು ನಡೆಯಬೇಕಾದ ಸಾಲು ಅಲೆಯ ಮೇಲೆ ಅಲೆಯಂತೆ ಬಿದ್ದಿತ್ತು.

ಈ ಸಾಲಿನ ರಚನೆಯನ್ನು ಒಮ್ಮೆ ಗಮನಿಸಬೇಕು. ನೆತ್ತಿಗಳೂ ಓರೆಗಳೂ ಬರಿಯ ಹುಲ್ಲು. ಎರಡು ಓರೆಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ಕಡುಹಸಿರಿನ ಕುಳ್ಳುಮರಗಳ ಕಾಡು. ಇವುಗಳನ್ನು ಶೋಲಾ ಕಾಡುಗಳೆನ್ನುತ್ತಾರೆ. ಮಳೆಗಾಲದ ನೀರನ್ನು ಈ ಕಾಡಿನ ಮಣ್ಣು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ತೊಟ್ಟುತೊಟ್ಟಾಗಿ ಹಳ್ಳಗಳಿಗೆ ಬಿಡುತ್ತದೆ. ಆದುದರಿಂದ ನೀರು ಬೇಕಾದವನು ನೆತ್ತಿಯ ಮೇಲೆ ಹುಡುಕದೆ ಮಡಿಕೆಗೆ ಇಳಿಯಬೇಕು. ಆದರೆ ಏಪ್ರಿಲಿನ ಕೊನೆಯಲ್ಲಿ ಅದನ್ನು ನಂಬಿ ಹೊರಡುವುದು ತಕ್ಕದ್ದಲ್ಲ. ನಾವು ಇಳಿದು ನೋಡಿದ ಒಂದು ಮಡಿಕೆಯಲ್ಲಿ ಒದ್ದೆಯ ಮರಳು ಮಾತ್ರ ಇತ್ತು. ಒಬ್ಬೊಬ್ಬರೂ ಮೂರು ಲೀಟರು ಹೊತ್ತಿದ್ದುದರಿಂದ ಅದು ನಮಗೆ ಬರಿಯ ಕುತೂಹಲದ ವಿಷಯವಾಯಿತು. ಒಣಹುಲ್ಲಿನ ಈ ಓರೆಗಳಿಗೆ ಒಂದು ಬೀಡಿಯ ಕಿಡಿ ಸಾಕು. ಗಾಳಿ ಸೇರಿತೆಂದರೆ ಬೆಂಕಿಯು ಮನುಷ್ಯನಿಗಿಂತ ವೇಗವಾಗಿ ಬೆಟ್ಟವನ್ನೇರುತ್ತದೆ. ಬೆಂಕಿಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು ಬರುವುದು ಲೇಸು.

ಸೀತಾಳಯ್ಯನಗಿರಿಯನ್ನು ಹಾದು, ಇಳಿದು ಏರಿ, ಏರಿ ಇಳಿದು, ಎರಡು ಹೆಸರಿಲ್ಲದ ದಿಬ್ಬಗಳನ್ನು ದಾಟುವ ವೇಳೆಗೆ ಹನ್ನೊಂದೂವರೆಯಾಗಿತ್ತು. ಇಳಿಯುವುದು ಸುಲಭವೆಂಬುದು ಉಸಿರಿನ ಮಟ್ಟಿಗೆ ನಿಜ, ತೊಡೆಯ ಮಟ್ಟಿಗೆ ಅಲ್ಲ. ಹತ್ತುವಾಗ ತೊಡೆಯ ಸ್ನಾಯುವು ಸಂಕುಚಿತವಾಗುತ್ತ ಭಾರವನ್ನೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯುವು ಬಿಗಿಹಿಡಿದಿದ್ದರೂ ದೇಹದ ಭಾರವು ಅದನ್ನು ಹಿಗ್ಗಿಸುತ್ತಿರುತ್ತದೆ. ಜಾರುವ ಬಂಡಿಗೆ ತಡೆಹಾಕುವ ಕೆಲಸ ಅದು. ಹೀಗೆ ಎಳೆಯಲ್ಪಟ್ಟ ಎಳೆಗಳಲ್ಲಿ ಸೂಕ್ಷ್ಮವಾದ ಹರಕುಗಳುಂಟಾಗುತ್ತವೆ. ದಣಿದ ತೊಡೆಯು ತಡೆಯನ್ನು ಸರಿಯಾಗಿ ಹಾಕಲಾರದೆ ಹೋದಾಗ ಮೊಣಕಾಲು ತತ್ತರಿಸಿ ಪಾದ ತಪ್ಪುತ್ತದೆ. ಸಣ್ಣ ಹೆಜ್ಜೆ, ಕೈಯಲ್ಲೊಂದು ಕೋಲು: ಇವೆರಡೇ ಇದಕ್ಕೆ ಉಪಾಯ.

ಮೂರನೆಯ ದಿಬ್ಬದ ಓರೆಯಲ್ಲಿ ನಮ್ಮ ಗೆಳೆಯರೊಬ್ಬರು ಮಾತು ನಿಲ್ಲಿಸಿದರು. ಬೆಳಗಿನಿಂದ ಅತಿ ಹೆಚ್ಚು ಮಾತನಾಡುತ್ತಿದ್ದವರು ಅವರೇ. ನಡಿಗೆಯ ತಂಡದಲ್ಲಿ ಮೊದಲು ಗಮನಿಸಬೇಕಾದ ಲಕ್ಷಣವಿದು. ನಾಡಿ ಹಿಡಿದು ನೋಡುವುದಕ್ಕಿಂತಲೂ ಬೇಗ ತಿಳಿಯುತ್ತದೆ. ಕೇಳಿದರೆ ತಲೆನೋವು, ಹೊಟ್ಟೆ ತೊಳಸು, ನಿಂತರೆ ಕಣ್ಣು ಕತ್ತಲೆ. ಮುಖ ಬಿಳುಪೇರಿತ್ತು, ಕೈ ಮುಟ್ಟಿದರೆ ತಣ್ಣಗೆ ಜಿಗುಟಾಗಿತ್ತು. ಇದು ಬಿಸಿಲಿನ ಬಳಲಿಕೆ. ರಕ್ತದ ದ್ರವಾಂಶ ಕುಗ್ಗಿರುವಾಗ ಚರ್ಮಕ್ಕೂ ಸ್ನಾಯುಗಳಿಗೂ ಮಿದುಳಿಗೂ ಏಕಕಾಲದಲ್ಲಿ ರಕ್ತವನ್ನೊದಗಿಸಲು ಹೃದಯವು ಹೆಣಗುವ ಸ್ಥಿತಿ. ಈ ಹಂತದಲ್ಲಿ ನಿಂತರೆ ಮನುಷ್ಯನು ಚೇತರಿಸಿಕೊಳ್ಳುತ್ತಾನೆ. ನಿಲ್ಲದೆ ನಡೆಸಿದರೆ ಮೈಯ ಶಾಖವು ೧೦೪ ಡಿಗ್ರಿಯನ್ನು ಮೀರಿ, ಮಾತು ತೊದಲಿ, ದಿಕ್ಕು ತಪ್ಪಿ, ಪ್ರಜ್ಞೆ ಕಲಕಿದ ಬಿಸಿಲಬಡಿತವಾಗಬಹುದು. ಅಲ್ಲಿ ನಿಮಿಷನಿಮಿಷವೂ ಪ್ರಾಣದ ಬೆಲೆಯದು. ಬಾಯಿಗೆ ಏನನ್ನೂ ಹಾಕದೆ, ಸಿಕ್ಕ ನೀರಿನಿಂದೆಲ್ಲ ಮೈಯನ್ನು ತಣಿಸುತ್ತ ವೈದ್ಯರಲ್ಲಿಗೆ ಒಯ್ಯಬೇಕು.

ಅವರನ್ನು ಬಂಡೆಯೊಂದರ ನೆರಳಿನಲ್ಲಿ ಮಲಗಿಸಿ, ಕಾಲುಗಳನ್ನು ಗಂಟಿನ ಮೇಲೆ ಎತ್ತಿಟ್ಟು, ಒದ್ದೆಬಟ್ಟೆಯನ್ನು ಕುತ್ತಿಗೆಗೆ ಸುತ್ತಿ ಗಾಳಿ ಹಾಕಿದೆವು. ಉಪ್ಪಿನ ಪಾನಕವನ್ನು ಗುಟುಕುಗುಟುಕಾಗಿ ಕೊಟ್ಟೆವು. ಮುಕ್ಕಾಲು ಗಂಟೆಯಲ್ಲಿ ಮುಖಕ್ಕೆ ಬಣ್ಣ ಮರಳಿತು. ಎದ್ದು ಕುಳಿತವರೇ, “ಬಾಬಾಬುಡನ್ ಗಿರಿ ಅದೋ ಕಾಣುತ್ತಿದೆ, ನನ್ನಿಂದ ನಿಮಗೆ ಅದು ತಪ್ಪಬಾರದು, ನಡೆಯಿರಿ,” ಎಂದರು. ತಂಡದಲ್ಲಿ ಇಬ್ಬರು ಆ ಮಾತಿಗೆ ಒಲಿದರು. ಇಬ್ಬರು ಅವರೊಡನೆ ಕೆಳಗಿಳಿಯಲಿ, ಉಳಿದವರು ಮುಂದೆ ಹೋಗಲಿ ಎಂಬ ಸಲಹೆಯೂ ಬಂತು. ಕೇಳುವುದಕ್ಕೆ ನ್ಯಾಯವಾಗಿಯೇ ತೋರುವ ಸಲಹೆ. ಆದರೆ ಕಾಯಿಲೆಯವರು ದಾರಿಯಲ್ಲಿ ಮತ್ತೆ ಬಿದ್ದರೆ ಎತ್ತಿ ಒಯ್ಯುವುದಕ್ಕೆ ಇಬ್ಬರು ಸಾಲರು. ಒಬ್ಬರು ಓಡಿಹೋಗಿ ಸಹಾಯವನ್ನು ಕರೆತರಬೇಕಾದರೆ ಇನ್ನೊಬ್ಬರೇ ಉಳಿಯುತ್ತಾರೆ. ದೂರವಾಣಿಯ ಸಂಪರ್ಕವು ಬೆಟ್ಟದ ಮಡಿಕೆಗಳಲ್ಲಿ ಇದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. ಹೊರಡುವ ಮುನ್ನವೇ ನಾವು ಭೂಪಟದಲ್ಲಿ, ಶಿಖರಸಾಲನ್ನು ಬಿಟ್ಟು ರಸ್ತೆಗೆ ಇಳಿಯಬಹುದಾದ ಸ್ಥಳಗಳನ್ನು ಗುರುತುಮಾಡಿಕೊಂಡಿದ್ದೆವು. ಕವಿಕಲ್ ಗಂಡಿಯ ರಸ್ತೆ ಹತ್ತಿರದಲ್ಲಿಯೇ ಇತ್ತು. ಆರು ಮಂದಿಯೂ ಇಳಿದೆವು, ಬಳಲಿದವರ ಹೆಜ್ಜೆಗೆ ಹೆಜ್ಜೆ ಹಾಕುತ್ತ.

ಅರ್ಧ ದಾರಿಯಲ್ಲಿರುವಾಗ ಬಾಬಾಬುಡನ್ ಗಿರಿಯ ಹಿಂದೆ ಹೂಕೋಸಿನಂತೆ ಉಬ್ಬಿದ ಮೋಡವೊಂದು ಎದ್ದಿತು. ಬೇಸಗೆಯ ಮಧ್ಯಾಹ್ನ ಕಾದ ನೆಲದಿಂದ ಮೇಲೇಳುವ ತೇವದ ಗಾಳಿಯನ್ನು ಬೆಟ್ಟದ ಓರೆಯು ಇನ್ನೂ ಮೇಲಕ್ಕೆ ತಳ್ಳುತ್ತದೆ. ಅದು ತಣ್ಣಗಾಗಿ ಮೋಡಕಟ್ಟಿ ಗುಡುಗಿನ ಮಳೆಯಾಗುತ್ತದೆ. ಕಾಫಿಯ ತೋಟದವರು ಹೂಮಳೆಯೆಂದು ಎದುರುನೋಡುವ ಮಳೆಯೂ ಹಲವೊಮ್ಮೆ ಇದೇ ಬಗೆಯದು. ಬೋಳುನೆತ್ತಿಯ ಮೇಲೆ ನಡೆಯುವವನಿಗೆ ಅದರ ಸಿಡಿಲು ಹೂವಲ್ಲ. ಅಲ್ಲಿ ಅವನಿಗಿಂತ ಎತ್ತರವಾದ ವಸ್ತು ಬೇರೊಂದಿಲ್ಲ. ಮಿಂಚಿಗೂ ಗುಡುಗಿಗೂ ನಡುವಣ ಸೆಕೆಂಡುಗಳನ್ನೆಣಿಸಿ ಐದರಿಂದ ಭಾಗಿಸಿದರೆ ಸಿಡಿಲು ಎಷ್ಟು ಮೈಲಿ ದೂರದಲ್ಲಿದೆಯೆಂದು ತಿಳಿಯುತ್ತದೆ. ಮೂವತ್ತಕ್ಕಿಂತ ಕಡಮೆಯಾದರೆ ನೆತ್ತಿಯಲ್ಲಿ ನಿಲ್ಲಬಾರದು. ಒಂಟಿಮರದ ಕೆಳಗಂತೂ ನಿಲ್ಲಲೇಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮೇಲಕ್ಕೆ ಹೋಗಬಾರದು. ನಾವು ರಸ್ತೆಯನ್ನು ಸೇರಿ ಕಾದಿದ್ದ ವಾಹನದೊಳಗೆ ಕುಳಿತಾಗ ಎಣಿಕೆ ಇಪ್ಪತ್ತಕ್ಕೆ ಬಂದಿತ್ತು. ಗಿರಿಯು ಆ ಹೊತ್ತಿಗೆ ಕಾಣುತ್ತಿರಲಿಲ್ಲ.

ಮಾರನೆಯ ದಿನ ತೊಡೆಗಳಲ್ಲಿ ನೋವು ಅಷ್ಟಾಗಿರಲಿಲ್ಲ. ಇಳಿಜಾರಿನ ಹರಕುಗಳ ನೋವು ಕೂಡಲೇ ತೋರದೆ ಒಂದೆರಡು ದಿನ ಕಳೆದು ಏರುವುದು. ಮೂರನೆಯ ದಿನ ಆರು ಮಂದಿಯೂ ಮನೆಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆವು. ಬಳಲಿದ್ದ ಗೆಳೆಯರು ಮಾತ್ರ ಅಷ್ಟು ಹೊತ್ತಿಗೆ ಮುಂದಿನ ಮಾಗಿಯಲ್ಲಿ ಬಾಬಾಬುಡನ್ ಗಿರಿಗೆ ಹೊರಡುವ ದಿನವನ್ನು ಗೊತ್ತುಮಾಡಿ ಪತ್ರ ಬರೆದಿದ್ದರು.